ಚರ್ಮದ ಮಾತು: ಸ್ನಾನ ಬಿಡಿ ಎಂದು ನಾನು ಹೇಳಿಲ್ಲ

ಕಳೆದ ಸಂಚಿಕೆಯಲ್ಲಿ ಮೊಡವೆಯ ಬಗ್ಗೆ ಬರೆಯುತ್ತ, ಬರೆಯುವ ಓಘದಲ್ಲಿ ಒಂದು ವಾಕ್ಯ ಸೇರಿಸಿದ್ದೆ: ‘ದಿನಾ ಮೈಪೂರ್ತಿ ಸೋಪು ಹಚ್ಚಿಕೊಳ್ಳುವ ಅಗತ್ಯ ಹೆಚ್ಚಿನವರಿಗೆ ಇಲ್ಲ.’ ಅಷ್ಟೇ. ಮೊಡವೆಯ ಬಗ್ಗೆ ಬಂದ ಪತ್ರಗಳು ಎರಡು. ಈ ಒಂದು ವಾಕ್ಯದ ಬಗ್ಗೆ ಬಂದದ್ದು ಒಂದು ಚೀಲ. ನಾನು ಮಕ್ಕಳಿಗೆ ಸೋಮಾರಿತನ ಕಲಿಸುತ್ತಿದ್ದೇನೆ ಎಂದು ಒಬ್ಬರು ಬರೆದಿದ್ದಾರೆ. ಇನ್ನೊಬ್ಬರು, ‘ತಾವು ಸ್ವತಃ ಎಷ್ಟು ದಿನಕ್ಕೊಮ್ಮೆ ಸ್ನಾನ ಮಾಡುತ್ತೀರಿ ಎಂಬುದನ್ನು ಪ್ರಕಟಿಸಬೇಕು’ ಎಂದು ಸವಾಲು ಹಾಕಿದ್ದಾರೆ. ದಿನಕ್ಕೊಮ್ಮೆ, ಸಂಜೆ, ಆಸ್ಪತ್ರೆಯಿಂದ ಬಂದ ಮೇಲೆ. ಏಳೆಂಟು ನಿಮಿಷ. ಬೇಸಿಗೆಯಲ್ಲಿ ಬೆಳಿಗ್ಗೆ ಇನ್ನೊಂದು. ಪ್ರಕಟಿಸಿದ್ದೇನೆ.

‘ಈ ಸಲ ಪುಟವನ್ನೆಲ್ಲ ಬಚ್ಚಲಿಗೇ ಬಿಟ್ಟುಬಿಡಿ ಮೇಡಂ’ ಎಂದರು ಸಂಪಾದಕರು. ಬಿಟ್ಟಿದ್ದೇನೆ. ಮೊದಲು ಓದುಗರ ಪತ್ರ, ಅದರ ಕೆಳಗೆ ನನ್ನ ಉತ್ತರ.

ನನಗೆ ಈಗ 71 ವರ್ಷ. ಹೈಸ್ಕೂಲಿನ ಮುಖ್ಯೋಪಾಧ್ಯಾಯನಾಗಿ ನಿವೃತ್ತನಾದವನು. ಬೆಳಿಗ್ಗೆ ಐದಕ್ಕೆ ಒಮ್ಮೆ, ಸಂಜೆ ದೀಪ ಹಚ್ಚುವ ಮುಂಚೆ ಒಮ್ಮೆ, ಎರಡು ಹೊತ್ತು ಬಿಸಿನೀರಿನ ಜಳಕ ತಪ್ಪಿಸಿದವನಲ್ಲ. ಮೈ ಉಜ್ಜಲು ಒಣಗಿದ ಹೀರೇಕಾಯಿಯ ನಾರು. ಆದರೆ ಎರಡು ವರ್ಷದಿಂದ ಚಳಿಗಾಲ ಬಂತೆಂದರೆ ಮೊಣಕಾಲಿನಿಂದ ಕೆಳಗೆ, ಬೆನ್ನಿನ ಮೇಲೆ ತಡೆಯಲಾರದ ತುರಿಕೆ. ರಾತ್ರಿ ಕೆರೆದು ರಕ್ತ ಬರುತ್ತದೆ. ಮೈಯಲ್ಲಿ ಕೊಳೆ ಉಳಿದಿರಬಹುದೆಂದು ಈಗ ಔಷಧದ ಸೋಪು ಹಚ್ಚುತ್ತಿದ್ದೇನೆ. ಇನ್ನೂ ಹೆಚ್ಚಾಗಿದೆ. ತಾವು ಸೋಪು ಬೇಡವೆನ್ನುತ್ತೀರಿ. ಇದೆಂಥ ವೈದ್ಯಕೀಯ?
— ನಿವೃತ್ತ ಶಿಕ್ಷಕರು, ಧಾರವಾಡ

ಗುರುಗಳೇ, ನಿಮ್ಮ ಪತ್ರ ಓದುವಾಗ ನನಗೆ ನನ್ನ ತಂದೆಯವರ ಕಾಲು ಕಂಡಿತು. ನಮ್ಮದು ತೀರ್ಥಹಳ್ಳಿ ಕಡೆಯ ಮನೆ. ಅಡಿಕೆ ಸಿಪ್ಪೆ ಹಾಕಿ ಉರಿಸುವ ಬಚ್ಚಲೊಲೆ, ಮೇಲೆ ಮಸಿ ಹಿಡಿದ ತಾಮ್ರದ ಹಂಡೆ. ಬೆರಳಿಟ್ಟರೆ ಚುರ್ ಎನ್ನದ ನೀರನ್ನು ಅವರು ನೀರೆಂದೇ ಒಪ್ಪುತ್ತಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಅವರ ಕಾಲಿನ ಚರ್ಮ ಬೇಸಿಗೆಯ ಕೆರೆಯ ತಳದಂತೆ ಚೂರುಚೂರಾಗಿ ಬಿರಿಯತೊಡಗಿತು. ನಾನು ಆಗಷ್ಟೇ ಚರ್ಮರೋಗದ ಸ್ನಾತಕೋತ್ತರ ಪದವಿ ಮುಗಿಸಿದ್ದ ಹೊಸ ಡಾಕ್ಟರು. ಪೇಟೆಯಿಂದ ದುಬಾರಿ ಲೋಶನ್ ತಂದುಕೊಟ್ಟೆ. ಅವರು ಅದನ್ನು ಒಣಗಿದ ಕಾಲಿಗೆ ಮಲಗುವ ಹೊತ್ತಿಗೆ ಒಂದು ಬೊಟ್ಟು ಹಚ್ಚಿ, ಮರುದಿನ ಬೆಳಿಗ್ಗೆ ಕುದಿನೀರಿನಲ್ಲಿ ತೊಳೆದುಬಿಡುತ್ತಿದ್ದರು. ತಿಂಗಳಾದರೂ ಗುಣವಿಲ್ಲ. ಕೊನೆಗೆ ಅಮ್ಮ ಎರಡು ಕೆಲಸ ಮಾಡಿದಳು: ಹಂಡೆಯ ನೀರಿಗೆ ತಣ್ಣೀರು ಬೆರೆಸಿದಳು, ಮೈ ಒರೆಸಿದ ಮರುಗಳಿಗೆಯೇ ಕಾಲಿಗೆ ಕೊಬ್ಬರಿ ಎಣ್ಣೆ ಸವರಿದಳು. ಹದಿನೈದು ದಿನಕ್ಕೆ ತುರಿಕೆ ನಿಂತಿತು. ಪುಸ್ತಕದಲ್ಲಿ ಇದ್ದದ್ದೂ ಅದೇ. ಹೇಳುವ ಕ್ರಮ ನನಗೆ ಗೊತ್ತಿರಲಿಲ್ಲ.

ನಿಮ್ಮ ಮೈಯಲ್ಲಿ ಕೊಳೆ ಉಳಿದಿಲ್ಲ. ಉಳಿಯಬೇಕಾದದ್ದೂ ಉಳಿದಿಲ್ಲ, ತೊಂದರೆ ಅದು. ಚರ್ಮದ ಅತಿ ಹೊರಗಿನ ಪದರ ಅಂಗೈ ಅಂಗಾಲು ಬಿಟ್ಟು ಬೇರೆಲ್ಲ ಕಡೆ ಒಂದು ಹಾಳೆ ಕಾಗದಕ್ಕಿಂತ ತೆಳು. ಅದನ್ನು ಇಟ್ಟಿಗೆ ಗೋಡೆ ಎಂದುಕೊಳ್ಳಿ. ಸತ್ತ ಜೀವಕೋಶಗಳೇ ಇಟ್ಟಿಗೆ. ಅವುಗಳ ನಡುವಿನ ಕೊಬ್ಬಿನಂಶವೇ ಗಾರೆ. ಒಳಗಿನ ನೀರು ಆರಿಹೋಗದಂತೆ, ಹೊರಗಿನ ಕ್ರಿಮಿ ಒಳಬರದಂತೆ ತಡೆಯುವುದು ಆ ಗಾರೆ. ಅಡುಗೆಮನೆಯಲ್ಲಿ ಜಿಡ್ಡಿನ ಬಾಣಲೆಯನ್ನು ನಾವು ಹೇಗೆ ತೊಳೆಯುತ್ತೇವೆ? ಬಿಸಿನೀರು, ಸೋಪು, ನಾರು. ನೀವು ದಿನಕ್ಕೆರಡು ಸಲ ನಿಮ್ಮ ಕಾಲಿಗೆ ಮಾಡುತ್ತಿರುವುದು ಇದನ್ನೇ. ಜಿಡ್ಡು ಹೋಗದೆ ಇನ್ನೇನಾಗುತ್ತದೆ?

ಮೂವತ್ತು ವರ್ಷದವರು ಇದನ್ನೆಲ್ಲ ತಾಳಿಕೊಳ್ಳುತ್ತಾರೆ. ಆರೋಗ್ಯವಂತ ಚರ್ಮಕ್ಕೆ ಸ್ವಲ್ಪ ಹುಳಿಯ ಗುಣವಿದೆ, ಹುಳಿ-ಕ್ಷಾರ ಅಳೆಯುವ ಪಿಎಚ್ ಅಂಕಿ ಸುಮಾರು 5. ಸಾಮಾನ್ಯ ಸೋಪು ಕ್ಷಾರ, ಅದರದು 9ರಿಂದ 10. ಸೋಪು ಬಿದ್ದ ಮೇಲೆ ಚರ್ಮ ತನ್ನ ಹುಳಿಯನ್ನು ಮತ್ತೆ ಸಂಪಾದಿಸಲು ಕೆಲವು ಗಂಟೆ ಬೇಕು. ವಯಸ್ಸಾದವರಿಗೆ ಇನ್ನೂ ಹೆಚ್ಚು ಹೊತ್ತು ಬೇಕು, ಅಷ್ಟರೊಳಗೆ ನಿಮ್ಮ ಸಂಜೆಯ ಜಳಕ ಬಂದುಬಿಡುತ್ತದೆ. ಮೇಲಾಗಿ ಈ ವಯಸ್ಸಿಗೆ ಎಣ್ಣೆಯ ಗ್ರಂಥಿಗಳೂ ನಿವೃತ್ತಿಯ ಹಾದಿಯಲ್ಲಿರುತ್ತವೆ. ಅದರಲ್ಲೂ ಮೊಣಕಾಲಿನ ಕೆಳಗೆ ಅವು ಮೊದಲಿನಿಂದಲೂ ಕಡಿಮೆ. ಆದ್ದರಿಂದಲೇ ತುರಿಕೆ ಅಲ್ಲಿ ಶುರುವಾಗುತ್ತದೆ. ಧಾರವಾಡದ ಚಳಿಗಾಲದ ಒಣಗಾಳಿ ಉಳಿದ ಕೆಲಸ ಮುಗಿಸುತ್ತದೆ.

ನಿಮ್ಮ ಜಳಕವನ್ನು ನಾನು ಬಿಡಿಸುವುದಿಲ್ಲ. ಎರಡು ಹೊತ್ತೂ ಮಾಡಿ. ಆದರೆ ಉಗುರುಬೆಚ್ಚಗಿನ ನೀರು. ಮೈ ಕೆಂಪಾದರೆ ಬಿಸಿ ಹೆಚ್ಚಾಯಿತೆಂದೇ ಅರ್ಥ. ಐದು ನಿಮಿಷ, ಹೆಚ್ಚೆಂದರೆ ಹತ್ತು. ಸೋಪು ದಿನಕ್ಕೆ ಒಂದೇ ಸಲ, ಅದೂ ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ. ಕೈಕಾಲಿಗೆ, ಬೆನ್ನಿಗೆ ನೀರು ಸಾಕು. ಔಷಧದ ಸೋಪನ್ನು ಇವತ್ತೇ ನಿಲ್ಲಿಸಿ. ಹೀರೇಕಾಯಿ ನಾರನ್ನು ಪಾತ್ರೆ ತೊಳೆಯಲು ಕೊಟ್ಟುಬಿಡಿ, ಅಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಟವೆಲಿನಿಂದ ತಿಕ್ಕದೆ ಒತ್ತಿ ಒರೆಸಿ. ಮೈ ಇನ್ನೂ ಸ್ವಲ್ಪ ತೇವವಿರುವಾಗಲೇ, ಎರಡು ಮೂರು ನಿಮಿಷದೊಳಗೆ, ಕೊಬ್ಬರಿ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿಕೊಳ್ಳಿ. ನೀರು ಆರಿದ ಮೇಲೆ ಹಚ್ಚಿದರೆ ಅರ್ಧ ಪ್ರಯೋಜನ ಹೋಯಿತು. ಬಚ್ಚಲಿನಲ್ಲಿ ನಿಂತು ಮಾತ್ರ ಹಚ್ಚಿಕೊಳ್ಳಬೇಡಿ. ಎಣ್ಣೆಗಾಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡವರನ್ನು ನೋಡಿದ್ದೇನೆ. ಹೊರಗೆ ಬಂದು ಕುರ್ಚಿಯ ಮೇಲೆ ಕುಳಿತು ಹಚ್ಚಿ. ಚರ್ಮ ತೀರಾ ಒರಟಾಗಿದ್ದರೆ ಯೂರಿಯಾ ಇರುವ ಮುಲಾಮು ಬರುತ್ತದೆ. ಹೊಲಕ್ಕೆ ಹಾಕುವ ಯೂರಿಯಾವೇ, ಆದರೆ ದಯವಿಟ್ಟು ಗೊಬ್ಬರದ ಚೀಲಕ್ಕೆ ಕೈ ಹಾಕಬೇಡಿ.

ಮೂರು ವಾರದಲ್ಲಿ ಕಡಿಮೆಯಾಗದಿದ್ದರೆ, ಅಥವಾ ತೂಕ ಇಳಿಯುತ್ತಿದ್ದರೆ, ಕಣ್ಣು ಹಳದಿಯಾಗಿದ್ದರೆ ವೈದ್ಯರಿಗೆ ತೋರಿಸಿ. ಮೂತ್ರಪಿಂಡ, ಯಕೃತ್ತು, ಥೈರಾಯ್ಡ್, ಸಕ್ಕರೆ ಎಲ್ಲವನ್ನೂ ಒಮ್ಮೆ ನೋಡಬೇಕಾಗುತ್ತದೆ. ಮನೆಯಲ್ಲಿ ಇತರರಿಗೂ ರಾತ್ರಿ ತುರಿಕೆ ಇದ್ದರೆ ಅದು ಕಜ್ಜಿ ಆಗಿರಬಹುದು. ಕಜ್ಜಿಗೆ ಎಣ್ಣೆಯಿಂದ ಏನೂ ಆಗದು.

ನಾವು ಸಮುದ್ರದ ಪಕ್ಕದವರು. ದಿನಕ್ಕೆ ಮೂರು ಸಲ ಮಿಂದರೂ ಮೈ ಅಂಟಂಟು. ನನ್ನ ಗಂಡ ಆಟೋ ಓಡಿಸುತ್ತಾರೆ. ಅವರಿಗೆ ತೊಡೆಸಂದಿನಲ್ಲಿ ಎಂಟು ತಿಂಗಳಿಂದ ಹುಳುಕಡ್ಡಿ. ಮೆಡಿಕಲ್ ಶಾಪಿನವರು ಕೊಟ್ಟ ಟ್ಯೂಬ್ ಹಚ್ಚಿದರೆ ನಾಲ್ಕು ದಿನ ಕಡಿಮೆ, ಬಿಟ್ಟರೆ ಮೊದಲಿಗಿಂತ ಜಾಸ್ತಿ. ಈಗ ನನಗೂ ಸೊಂಟದಲ್ಲಿ ಶುರುವಾಗಿದೆ. ಸ್ನಾನ ಸಾಲದೇ? ಬಕೆಟ್ಟಿಗೆ ರೋಗಾಣುನಾಶಕ ಹಾಕಿದರೆ ಹೋಗುತ್ತದೆಯೇ?
— ಗೃಹಿಣಿ, ಸುರತ್ಕಲ್

ನಿಮಗೆ ನಾನು ಧಾರವಾಡದ ಗುರುಗಳಿಗೆ ಹೇಳಿದ್ದನ್ನು ಹೇಳಲಾರೆ ತಾಯಿ. ಊರು ಬದಲಾದರೆ ಉತ್ತರವೂ ಬದಲಾಗುತ್ತದೆ. ನಿಮ್ಮಲ್ಲಿ ಬೆವರು ಆರುವುದಿಲ್ಲ. ಗಾಳಿಯಲ್ಲೇ ನೀರು ತುಂಬಿಕೊಂಡಿರುವಾಗ ಬೆವರು ಹೋಗುವುದಾದರೂ ಎಲ್ಲಿಗೆ? ದಿನಕ್ಕೆ ಮೂರು ಸಲ ಮೀಯುವುದರಲ್ಲಿ ತಪ್ಪೇನೂ ಇಲ್ಲ. ಸೋಪು ಒಂದು ಹೊತ್ತಿಗೆ ಸಾಕು, ಅವರು ಆಟೋ ನಿಲ್ಲಿಸಿ ಬಂದ ಮೇಲೆ.

ಆದರೆ ಹುಳುಕಡ್ಡಿ ಬಂದದ್ದು ಮೀಯದೇ ಇದ್ದದ್ದಕ್ಕಲ್ಲ. ಮಿಂದು ಒರೆಸಿಕೊಳ್ಳದೇ ಇದ್ದದ್ದಕ್ಕೆ ಎಂದರೆ ಸತ್ಯಕ್ಕೆ ಹತ್ತಿರ. ಅದು ಹುಳುವೂ ಅಲ್ಲ, ಶಿಲೀಂಧ್ರ. ಮಳೆಗಾಲದಲ್ಲಿ ಚಪ್ಪಲಿಯ ಮೇಲೆ ಬೂಸ್ಟು ಹಿಡಿಯುತ್ತದಲ್ಲ, ಅದರ ಬಳಗ. ಅದಕ್ಕೆ ಬೇಕಾದದ್ದು ಶಾಖ, ತೇವ, ಮಡಿಕೆ. ಹತ್ತು ಗಂಟೆ ರೆಗ್ಸಿನ್ ಸೀಟಿನ ಮೇಲೆ ದಪ್ಪ ಪ್ಯಾಂಟು ಹಾಕಿ ಕುಳಿತವರ ತೊಡೆಸಂದಿನಲ್ಲಿ ಈ ಮೂರೂ ಸಿಗುತ್ತವೆ. ಮಿಂದ ತಕ್ಷಣ ಒದ್ದೆಯ ಮೇಲೆಯೇ ಚಡ್ಡಿ ಏರಿಸಿದರೆ ನೀವೇ ಅದಕ್ಕೆ ನೀರುಣಿಸಿದ ಹಾಗೆ. ತೊಡೆಸಂದಿಗೆಂದೇ ಒಂದು ಬೇರೆ ಚಿಕ್ಕ ಬೈರಾಸು ಇರಲಿ. ಒತ್ತಿ ಒರೆಸಿ, ಎರಡು ನಿಮಿಷ ಫ್ಯಾನಿನ ಕೆಳಗೆ ನಿಂತು, ಆಮೇಲೆ ಸಡಿಲವಾದ ಹತ್ತಿಯ ಒಳಉಡುಪು. ಆಟಿ ತಿಂಗಳಲ್ಲಿ ನಿಮ್ಮಲ್ಲಿ ಬಟ್ಟೆ ಒಣಗುವುದಿಲ್ಲ ಎಂಬುದು ನನಗೆ ಗೊತ್ತು. ಅರೆಒದ್ದೆ ಚಡ್ಡಿಗೆ ಇಸ್ತ್ರಿ ಹಾಕಿ, ಹೊಲಿಗೆಯ ಅಂಚಿನ ಮೇಲೆ ಎರಡು ಸಲ. ಮನೆಯಲ್ಲಿ ಒಬ್ಬರ ಬೈರಾಸನ್ನು ಇನ್ನೊಬ್ಬರು ಮುಟ್ಟಬಾರದು. ನಿಮ್ಮ ಸೊಂಟಕ್ಕೆ ಬಂದದ್ದು ಬಹುಶಃ ಆ ದಾರಿಯಲ್ಲೇ.

ಇನ್ನು ಆ ಟ್ಯೂಬಿನ ವಿಚಾರ. ನಾಲ್ಕು ದಿನಕ್ಕೆ ಕಡಿಮೆಯಾಗಿ ಬಿಟ್ಟೊಡನೆ ಹೆಚ್ಚಾಗುತ್ತದೆ ಎಂದು ಬರೆದಿದ್ದೀರಲ್ಲ, ಅದರೊಳಗೆ ಸ್ಟೀರಾಯ್ಡ್ ಇದೆ ಎಂದು ಟ್ಯೂಬ್ ನೋಡದೆಯೇ ಹೇಳಬಹುದು. ಸ್ಟೀರಾಯ್ಡ್ ತುರಿಕೆಯನ್ನು ಅಡಗಿಸುತ್ತದೆ, ಶಿಲೀಂಧ್ರವನ್ನು ಸಾಕುತ್ತದೆ. ನಾಯಿ ಬೊಗಳುವುದನ್ನು ನಿಲ್ಲಿಸಿ ಕಳ್ಳನನ್ನು ಒಳಗೆ ಬಿಟ್ಟ ಹಾಗೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿನ ಚರ್ಮ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲೆ ಬೀಳುವಂಥ ಗೆರೆಗಳು ಬೀಳುತ್ತವೆ. ಆ ಗೆರೆಗಳು ಪೂರ್ತಿ ಮಾಯುವುದಿಲ್ಲ. ವೈದ್ಯರ ಚೀಟಿ ಇಲ್ಲದೆ ಇಂಥ ಮುಲಾಮು ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿದೆ. ಆದರೂ ‘ಅಣ್ಣಾ, ತುರಿಕೆಗೆ ಒಂದು ಟ್ಯೂಬ್ ಕೊಡಿ’ ಎಂದರೆ ಇವತ್ತಿಗೂ ಕೈಗೆ ಬರುವುದು ಅದೇ. ನನ್ನ ಬಳಿ ಬರುವ ಹುಳುಕಡ್ಡಿಯವರಲ್ಲಿ ಹೆಚ್ಚಿನವರ ಕಿಸೆಯಲ್ಲಿ ಇಂಥದೊಂದು ಟ್ಯೂಬ್ ಇದ್ದೇ ಇರುತ್ತದೆ. ಮುಕ್ಕಾಲು ಹಿಂಡಿದ್ದು, ಬುಡದಿಂದ ಅಚ್ಚುಕಟ್ಟಾಗಿ ಸುತ್ತಿದ್ದು.

ಬಕೆಟ್ಟಿಗೆ ಏನನ್ನೂ ಹಾಕಬೇಡಿ, ಮೊದಲೇ ಕೆರೆದು ಹುಣ್ಣಾದ ಜಾಗ ಸುಟ್ಟಂತಾಗುತ್ತದೆ. ಇಬ್ಬರೂ ಒಟ್ಟಿಗೆ ಚರ್ಮವೈದ್ಯರಲ್ಲಿಗೆ ಹೋಗಿ. ಔಷಧ ವಾರಗಟ್ಟಲೆ ಬೇಕು, ಕಲೆ ಮಾಯವಾದ ಮೇಲೂ ಅವರು ಹೇಳಿದಷ್ಟು ದಿನ ಬೇಕು. ಒಬ್ಬರೇ ಹೋದರೆ ಇನ್ನೊಬ್ಬರಿಂದ ಮತ್ತೆ ಬರುತ್ತದೆ.

ಮಗುವಿಗೆ ನಲವತ್ತು ದಿನ. ತವರಿನಲ್ಲಿ ಬಾಣಂತನ. ಅಜ್ಜಿ ದಿನಾ ಮಗುವಿಗೆ ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿಕೊಂಡು ಬಿಸಿನೀರು ಹೊಯ್ದು, ಕಡಲೆಹಿಟ್ಟು ಹಚ್ಚಿ ಮೀಯಿಸುತ್ತಾರೆ. ಆಮೇಲೆ ಲೋಬಾನದ ಹೊಗೆ. ನನ್ನ ಗಂಡ ಮೊಬೈಲಿನಲ್ಲಿ ಓದಿ, ವಾರಕ್ಕೆ ಎರಡು ಮೂರು ಸಲ ಸಾಕಂತೆ ಎನ್ನುತ್ತಾರೆ. ಇಬ್ಬರ ನಡುವೆ ನಾನು ಸಿಕ್ಕಿಕೊಂಡಿದ್ದೇನೆ.
— ಬಾಣಂತಿ, ಶಿರಸಿ

ನಿಮ್ಮ ಗಂಡ ಓದಿದ್ದು ಸುಳ್ಳಲ್ಲ. ಎಳೆಮಗು ಹೊಲದಲ್ಲಿ ದುಡಿದು ಬಂದಿರುವುದಿಲ್ಲ. ಬಾಯಿ, ಕುತ್ತಿಗೆಯ ಮಡಿಕೆ, ತೊಡೆಸಂದು, ಅಂಡು, ಇವನ್ನು ದಿನಾ ಒರೆಸಿ ಸ್ವಚ್ಛ ಮಾಡಿದರೆ ಪೂರ್ತಿ ಸ್ನಾನ ವಾರಕ್ಕೆ ಮೂರು ಸಲವಾದರೂ ಸಾಕು. ಹುಟ್ಟಿದ ಮಗುವಿಗೆ ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ತಡೆಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮೈಮೇಲಿನ ಬಿಳಿಯ ಬೆಣ್ಣೆಯಂಥ ಲೇಪ ಕೊಳೆಯಲ್ಲ, ಅದು ಮಗು ತಂದುಕೊಂಡ ಮುಲಾಮು.

ಆದರೆ ಅಜ್ಜಿಯನ್ನು ನಾನು ಬಿಟ್ಟುಕೊಡುವುದಿಲ್ಲ. ಅವರ ಎಣ್ಣೆ ಸರಿ. ಕೊಬ್ಬರಿ ಎಣ್ಣೆಯನ್ನು ಹಗುರ ಕೈಯಿಂದ ಸವರಿದರೆ ಚರ್ಮಕ್ಕೆ ಒಳ್ಳೆಯದು, ಮಗುವಿಗೂ ಸುಖ. ಸಾಸಿವೆ ಎಣ್ಣೆ ಬೇಡ, ಅದು ಎಳೆಚರ್ಮದ ಗಾರೆಯನ್ನು ಕೆಡಿಸುತ್ತದೆ. ನಿಮ್ಮ ಕಡೆ ಅದನ್ನು ಬಳಸುವುದಿಲ್ಲ, ಆದರೆ ಬೇರೆ ಊರಿನಲ್ಲಿರುವ ಓದುಗರಿಗಾಗಿ ಹೇಳಿದೆ. ದಿನಾ ಮೀಯಿಸಬೇಕೆಂಬ ಅಜ್ಜಿಯ ಆಸೆಗೂ ಅಡ್ಡ ಬರಬೇಡಿ, ಐದು ನಿಮಿಷದ ಬೆಚ್ಚಗಿನ ನೀರಿನಿಂದ ಯಾವ ಮಗುವೂ ಕೆಟ್ಟಿಲ್ಲ. ಅಡ್ಡ ಬರಬೇಕಾದದ್ದು ಮೂರು ಕಡೆ. ನೀರಿನ ಬಿಸಿಯನ್ನು ಅಜ್ಜಿಯ ಅಂಗೈ ನಿರ್ಧರಿಸಬಾರದು. ಅರವತ್ತು ವರ್ಷ ಒಲೆಯ ಮುಂದೆ ಕಾದ ಅಂಗೈ ಅದು, ಅದಕ್ಕೆ ಬಿಸಿಯೇ ಗೊತ್ತಾಗುವುದಿಲ್ಲ. ನಿಮ್ಮ ಮೊಣಕೈ ಅದ್ದಿ ನೋಡಿ, ಬಿಸಿಯೂ ತಣ್ಣಗೂ ಅಲ್ಲ ಅನ್ನಿಸಬೇಕು. ಕಡಲೆಹಿಟ್ಟು ತರಿಯಾಗಿರುತ್ತದೆ, ಮಡಿಕೆಗಳಲ್ಲಿ ಉಳಿದು ಕೆಂಪಾಗುತ್ತದೆ, ಈಗಲೇ ಬೇಡ. ಕಿವಿ ಮೂಗಿಗೆ ಎಣ್ಣೆ ಬಿಡುವುದು ಬೇಡವೇ ಬೇಡ. ಹೊಗೆಯೂ ಅಷ್ಟೇ, ಆ ಪುಟ್ಟ ಶ್ವಾಸಕೋಶಕ್ಕೆ ಅದು ಹೊರೆ. ಮೂರು ಎಂದು ಹೇಳಿ ನಾಲ್ಕು ಹೇಳಿದೆ, ಇರಲಿ.

ಇದನ್ನೆಲ್ಲ ನಿಮ್ಮ ಗಂಡನ ಬಾಯಿಂದ ಹೇಳಿಸಬೇಡಿ. ‘ಡಾಕ್ಟರು ಹೇಳಿದ್ದಾರೆ’ ಎಂದು ನನ್ನ ತಲೆಗೆ ಕಟ್ಟಿ. ನಾನು ದೂರದಲ್ಲಿದ್ದೇನೆ.

ನಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು. ಸ್ನಾನ ಮಾಡಿದ ಮೇಲೆ ಚರ್ಮ ಬಿಗಿದಂತಾಗಿ ಬಿಳಿ ಹುಡಿ ಏಳುತ್ತದೆ. 2024ರ ಬೇಸಿಗೆಯಲ್ಲಿ ನೀರಿಲ್ಲದೆ ಎರಡು ತಿಂಗಳು ದಿನ ಬಿಟ್ಟು ದಿನ ಸ್ನಾನ ಮಾಡಿದೆ. ವಿಚಿತ್ರವೆಂದರೆ ಆಗ ಚರ್ಮ ಚೆನ್ನಾಗಿತ್ತು! ಇದನ್ನು ಯಾರಿಗೂ ಹೇಳಿಲ್ಲ. ನೀರು ಮೆದುಗೊಳಿಸುವ ಯಂತ್ರ ಹಾಕಿಸಲೇ?
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಗುಟ್ಟು ನನ್ನಲ್ಲಿ ಭದ್ರ, ಪತ್ರಿಕೆಯ ಓದುಗರಿಗೆ ಮಾತ್ರ ಗೊತ್ತು.

ವಿಚಿತ್ರವೇನೂ ಇಲ್ಲ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಸೋಪು ಅವುಗಳ ಜೊತೆ ಸೇರಿ, ನೀರಿನಲ್ಲಿ ಕರಗದ ಗಸಿಯಾಗುತ್ತದೆ. ಬಕೆಟ್ಟಿನ ಒಳಗೆ ಉಗುರಿನಿಂದ ಕೆರೆದರೆ ಬರುವ ಬೂದುಬಣ್ಣದ ಅಂಟು ಅದೇ. ಬಕೆಟ್ಟಿಗೆ ಅಂಟುವುದು ಮೈಗೂ ಅಂಟುತ್ತದೆ. ನೊರೆ ಬರಲಿಲ್ಲವೆಂದು ನಾವು ಇನ್ನೂ ಸೋಪು ತಿಕ್ಕುತ್ತೇವೆ, ಜಾರು ಹೋಗಲಿಲ್ಲವೆಂದು ಇನ್ನೂ ನೀರು ಸುರಿಯುತ್ತೇವೆ. ನೀವು ಆ ಎರಡು ತಿಂಗಳು ಸೋಪಿಗೆ ಅರ್ಧ ರಜೆ ಕೊಟ್ಟಿರಿ, ಅಷ್ಟೇ.

ಯಂತ್ರಕ್ಕೆ ದುಡ್ಡು ಸುರಿಯುವ ಮುನ್ನ ಒಂದು ಮಾತು. ಇಸಬು ಇದ್ದ ಮಕ್ಕಳ ಮನೆಗಳಿಗೆ ಇಂಥ ಯಂತ್ರ ಹಾಕಿಸಿ ಇಂಗ್ಲೆಂಡಿನಲ್ಲಿ ಪರೀಕ್ಷೆ ಮಾಡಿದ್ದರು. 2011ರಲ್ಲಿ ಫಲಿತಾಂಶ ಬಂತು. ಮಾಮೂಲಿ ಚಿಕಿತ್ಸೆಗಿಂತ ಹೆಚ್ಚಿನ ಗುಣವೇನೂ ಕಾಣಲಿಲ್ಲ. ನಲ್ಲಿ, ಗೀಸರು ಬಾಳಿಕೆ ಬರಲಿ ಎಂದಾದರೆ ಹಾಕಿಸಿ. ಚರ್ಮಕ್ಕೆ ಅಂತಾದರೆ ಮೊದಲು ಸೋಪು ಬದಲಿಸಿ. ಸಿಂಡೆಟ್ ಎಂಬ ಜಾತಿಯ ಬಿಲ್ಲೆಗಳು ಬರುತ್ತವೆ. ಅವು ಸೋಪೇ ಅಲ್ಲ, ಗಡಸು ನೀರಿನಲ್ಲಿ ಗಸಿ ಕಟ್ಟುವುದಿಲ್ಲ, ಪಿಎಚ್ ಕೂಡ ಚರ್ಮಕ್ಕೆ ಹತ್ತಿರ. ಬೆಲೆ ಮಾತ್ರ ಕಣ್ಣಿಗೆ ಸೋಪು ಹೋದಂತಿರುತ್ತದೆ. ಅದು ಬೇಡವೆಂದರೆ ಮಾಮೂಲಿ ಸೋಪಿನ ಹೊದಿಕೆ ತಿರುಗಿಸಿ ‘ಟಿಎಫ್ಎಂ’ ಎಂಬ ಅಂಕಿ ಹುಡುಕಿ. ಅದು ಸೋಪಿನಲ್ಲಿರುವ ಕೊಬ್ಬಿನಾಮ್ಲದ ಪ್ರಮಾಣ. 76ಕ್ಕೆ ಕಡಿಮೆ ಇಲ್ಲದ್ದು ನಮ್ಮ ದೇಶದ ಮಾನಕದಲ್ಲಿ ಮೊದಲ ದರ್ಜೆ. ‘ಬೇಥಿಂಗ್ ಬಾರ್’ ಎಂದು ಚಿಕ್ಕ ಅಕ್ಷರದಲ್ಲಿ ಬರೆದಿದ್ದರೆ ಈ ಅಂಕಿ ತೀರಾ ಕೆಳಗೂ ಇರಬಹುದು.

‘ದಿನಾ ಮೈತುಂಬ ಸೋಪು ನಮ್ಮ ಸಂಸ್ಕೃತಿ’ ಎಂದು ಬರೆದ ಐದಾರು ಮಂದಿಗೂ ಇಲ್ಲೇ ಉತ್ತರಿಸಿಬಿಡುತ್ತೇನೆ. ದಿನಾ ಸ್ನಾನ ನಮ್ಮದು, ಒಪ್ಪಿದೆ. ಸೋಪು ಯಾವಾಗಿನಿಂದ? ನಮ್ಮ ಹೆಮ್ಮೆಯ ಮೈಸೂರು ಸ್ಯಾಂಡಲ್ ಹುಟ್ಟಿ ನೂರು ವರ್ಷ ದಾಟಿದೆ, ಅಷ್ಟೇ. ಅದಕ್ಕೆ ಮುಂಚೆ ನಮ್ಮವರು ಬರಿಯ ನೀರಿನಲ್ಲಿ ಮೀಯುತ್ತಿದ್ದರು. ವಾರಕ್ಕೊಮ್ಮೆ, ಹಬ್ಬಕ್ಕೊಮ್ಮೆ ಎಣ್ಣೆ, ಸೀಗೆಪುಡಿ, ಕಡಲೆಹಿಟ್ಟು. ನಮ್ಮ ಮನೆಯಲ್ಲಿ ತಲೆಗೆ ದಾಸವಾಳದ ಸೊಪ್ಪಿನ ಗೊಂಪು. ಅಜ್ಜಿ ಸೋಪಿನ ಬಿಲ್ಲೆಯನ್ನು ದಾರದಲ್ಲಿ ಎರಡು ತುಂಡು ಮಾಡಿ, ಒಂದನ್ನು ನೆಂಟರು ಬಂದಾಗ ಬೇಕೆಂದು ಅಕ್ಕಿ ಡಬ್ಬಿಯಲ್ಲಿ ಅಡಗಿಸಿಡುತ್ತಿದ್ದಳು. ಅನ್ನ ಒಂದೊಂದು ದಿನ ಗಂಧದ ವಾಸನೆ ಬರುತ್ತಿತ್ತು.

ಬೆಂಗಳೂರಿನವರೇ, ಷವರ್ ಬೇಕೇ, ಬಕೆಟ್ ಸಾಕೇ ಎಂದೂ ಕೇಳಿದ್ದೀರಿ. ಚರ್ಮಕ್ಕೆ ಎರಡೂ ಒಂದೇ. ಬಕೆಟ್ಟಿನಲ್ಲಿ ಹದಿನೈದಿಪ್ಪತ್ತು ಲೀಟರಿಗೆ ಸ್ನಾನ ಮುಗಿಯುತ್ತದೆ. ಮಾಮೂಲಿ ಷವರ್ ಎರಡೇ ನಿಮಿಷದಲ್ಲಿ ಅಷ್ಟು ಸುರಿಯುತ್ತದೆ. ಟ್ಯಾಂಕರಿನವನ ಬಿಲ್ಲು ಕಟ್ಟುವವರು ನೀವು.

ಮಗ ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಓದುತ್ತಿದ್ದಾನೆ. ಚಳಿಗಾಲದಲ್ಲಿ ಎರಡು ದಿನಕ್ಕೊಮ್ಮೆ ಸ್ನಾನವಂತೆ! ಇಪ್ಪತ್ತಮೂರು ವರ್ಷ ದಿನಾ ಮೀಯಿಸಿ ಬೆಳೆಸಿದ್ದು ಇದಕ್ಕೇನಾ? ನೀವಾದರೂ ಬುದ್ಧಿ ಹೇಳಿ.
— ತಾಯಿ, ಮಂಡ್ಯ

ಅಮ್ಮಾ, ಬುದ್ಧಿ ಹೇಳಬೇಕೆಂದರೆ ನಿಮಗೇ ಹೇಳಬೇಕಾಗುತ್ತದೆ. ಅಲ್ಲಿ ಜನವರಿಯಲ್ಲಿ ಹೊರಗೆ ಸೊನ್ನೆಗಿಂತ ಕೆಳಗೆ, ಒಳಗೆ ಹಗಲಿರುಳು ಹೀಟರು. ಆ ಗಾಳಿಯಲ್ಲಿ ತೇವ ಎಂಬುದೇ ಇರುವುದಿಲ್ಲ. ಬೆವರುವುದೇ ಇಲ್ಲದ ಮೈಯನ್ನು ದಿನಾ ಹತ್ತು ನಿಮಿಷ ಬಿಸಿನೀರಿನ ಕೆಳಗೆ ನಿಲ್ಲಿಸಿದರೆ ಎರಡೇ ವಾರಕ್ಕೆ ಹಾವಿನ ಪೊರೆಯಂತೆ ಏಳುತ್ತದೆ. ಕಂಕುಳು, ತೊಡೆಸಂದು, ಪಾದ ದಿನಾ ತೊಳೆದುಕೊಳ್ಳುತ್ತಾನೆಯೇ, ಒಳಉಡುಪು, ಕಾಲುಚೀಲ ದಿನಾ ಬದಲಿಸುತ್ತಾನೆಯೇ ಎಂದಷ್ಟೇ ಕೇಳಿ. ಹೌದೆಂದರೆ ಸುಮ್ಮನಿರಿ. ಊರಿಗೆ ಬಂದಾಗ ಏಪ್ರಿಲ್ ತಿಂಗಳ ಮಂಡ್ಯದಲ್ಲಿ ಅವನೇ ಎರಡು ಸಲ ಮೀಯುತ್ತಾನೆ. ಮುಂದಿನ ಸಲ ಪಾರ್ಸೆಲ್ಲಿನಲ್ಲಿ ಚಟ್ನಿಪುಡಿಯ ಜೊತೆ ಒಂದು ಸೀಸೆ ಕೊಬ್ಬರಿ ಎಣ್ಣೆ ಇಡಿ. ಮುಚ್ಚಳಕ್ಕೆ ಟೇಪು ಸುತ್ತುವುದನ್ನು ಮರೆಯಬೇಡಿ.

ಬೇಸಿಗೆಯಲ್ಲಿ ಮಕ್ಕಳಿಗೆ ಬೆನ್ನು ಕುತ್ತಿಗೆ ತುಂಬ ಬೆವರುಸಾಲೆ. ಮೂರು ಹೊತ್ತು ಜಳಕ ಮಾಡಿಸಿ ಪೌಡರ್ ಹಚ್ಚುತ್ತೇನೆ. ಕಡಿಮೆಯಾಗುತ್ತಿಲ್ಲ.
— ರೈತ ಮಹಿಳೆ, ಸಿಂಧನೂರು

ನಾನು ಕಲಬುರಗಿಯಲ್ಲಿ ಮೂರು ಬೇಸಿಗೆ ಕಳೆದವಳು. ನೆರಳಿನಲ್ಲೇ 42 ಡಿಗ್ರಿ ಎಂದರೆ ಏನೆಂದು ಗೊತ್ತು. ಮೂರು ಹೊತ್ತು ತಣ್ಣೀರು ಹಾಕಿ, ಸೋಪು ಒಂದೇ ಹೊತ್ತು. ಪೌಡರ್ ನಿಲ್ಲಿಸಿ. ಬೆವರುಸಾಲೆ ಎಂದರೆ ಬೆವರಿನ ರಂಧ್ರದ ಬಾಯಿ ಕಟ್ಟಿ ಬೆವರು ಒಳಗೇ ಉಳಿಯುವುದು. ಪೌಡರು ಬೆವರಿನ ಜೊತೆ ಕಲಸಿ ಹಿಟ್ಟಾಗಿ ಅದೇ ಬಾಯಿಗೆ ಮತ್ತೆ ಮೆತ್ತಿಕೊಳ್ಳುತ್ತದೆ. ಈ ದಿನಗಳಲ್ಲಿ ಮೈಗೆ ಎಣ್ಣೆಯೂ ಬೇಡ. ಗಾಳಿಯಲ್ಲಿ ಮಲಗಿಸಿ, ಹಳೆಯ ಹತ್ತಿ ಸೀರೆಯಲ್ಲಿ ಹೊಲಿದ ಅಂಗಿ ಹಾಕಿ. ತೀರಾ ಉರಿಯಿದ್ದರೆ ಕ್ಯಾಲಮೈನ್ ಲೋಶನ್. ಗುಳ್ಳೆಗಳಲ್ಲಿ ಕೀವು ಕಂಡರೆ ಅಥವಾ ಜ್ವರ ಬಂದರೆ ತೋರಿಸಿ.

ಮದುವೆಯಾಗಿ ಆರು ತಿಂಗಳು. ನನ್ನ ಗಂಡ ಬಚ್ಚಲಿಗೆ ಹೋದರೆ ಅರ್ಧ ಗಂಟೆ ಹೊರಗೆ ಬರುವುದಿಲ್ಲ. ಬಾಗಿಲು, ಕಿಟಕಿ ಎಲ್ಲ ಮುಚ್ಚಿ, ಗ್ಯಾಸ್ ಗೀಸರ್ ಹಾಕಿ, ಹಬೆ ತುಂಬಿಸಿಕೊಂಡು ಸ್ನಾನ. ಬಂದ ಮೇಲೆ ಮೈ ಕೆಂಪು, ತಲೆನೋವು, ಒಮ್ಮೊಮ್ಮೆ ತಲೆಸುತ್ತು. ಹೆಚ್ಚು ಸ್ನಾನದಿಂದ ಚರ್ಮ ಹಾಳಾಗುತ್ತದೆಯೇ?
— ಗೃಹಿಣಿ, ಹಾಸನ

ಚರ್ಮದ ಮಾತು ಆಮೇಲೆ. ನಿಮ್ಮ ಗೀಸರ್ ಬಚ್ಚಲಿನ ಒಳಗಿದೆ ಎಂದು ನಿಮ್ಮ ಪತ್ರದಿಂದ ಊಹಿಸುತ್ತೇನೆ. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದಾಗ ಗಾಳಿಯ ಆಮ್ಲಜನಕ ಮುಗಿಯುತ್ತ ಬಂದು, ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮು ಕೂಡ ಬರುವುದಿಲ್ಲ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ಆಮೇಲೆ ಕಾಲಿನ ಶಕ್ತಿ ಉಡುಗಿ ಕುಸಿದು ಬೀಳುವುದು. ಚಿಲಕ ಒಳಗಿನಿಂದ ಹಾಕಿರುತ್ತದೆ. ನಮ್ಮ ರಾಜ್ಯದಲ್ಲಿ ಹೀಗೆ ಸತ್ತವರ ಸುದ್ದಿ ಪ್ರತಿ ಚಳಿಗಾಲ ಪತ್ರಿಕೆಯಲ್ಲಿ ಬರುತ್ತದೆ. ನಿಮ್ಮ ಯಜಮಾನರು ಮೊದಲ ಎರಡು ಮೆಟ್ಟಿಲನ್ನು ಈಗಾಗಲೇ ಹತ್ತಿದ್ದಾರೆ.

ಇವತ್ತಿನಿಂದಲೇ ಆ ಗೀಸರನ್ನು ಒಳಗೆ ಉರಿಸುವುದು ಬೇಡ. ಒಲೆಯ ಮೇಲೆ ನೀರು ಕಾಯಿಸಿ ಬಕೆಟ್ಟಿನಲ್ಲಿ ಕೊಡಿ. ಗೀಸರನ್ನು ಮನೆಯ ಹೊರಗೋಡೆಗೆ ಸ್ಥಳಾಂತರಿಸಿ, ಪೈಪಿನಲ್ಲಿ ಬರಿಯ ನೀರು ಒಳಗೆ ಬರುವಂತೆ ಮಾಡಿಸಿ. ಬಚ್ಚಲಿನ ಕಿಟಕಿಯ ಮೇಲುಭಾಗದ ಗಾಜನ್ನು ಯಾವತ್ತೂ ಮುಚ್ಚಲಾಗದಂತೆ ತೆಗೆಸಿಬಿಡಿ. ಸ್ನಾನಕ್ಕೆ ಹೋದವರು ಕರೆದಾಗ ಉತ್ತರ ಕೊಡದಿದ್ದರೆ ಬಾಗಿಲು ಒಡೆಯಲು ಹಿಂದುಮುಂದು ನೋಡಬೇಡಿ. ಒಳಗೆ ಕುಸಿದಿದ್ದರೆ ಮೊದಲು ಹೊರಗಿನ ಗಾಳಿಗೆ ಎಳೆದು ತನ್ನಿ, ಆಮೇಲೆ 108ಕ್ಕೆ ಫೋನು.

ಈ ಕೆಲಸವೆಲ್ಲ ಮುಗಿದ ಮೇಲೆ ಅವರ ಚರ್ಮದ ಬಗ್ಗೆ ಮತ್ತೊಂದು ಕಾಗದ ಬರೆಯಿರಿ.